ಮೂಳೆಗೂ ಟೈಮ್ ಕೊಡ್ರಪ್ಪ

ಪೊಲೀಸ್ ಪೇದೆ ಹುದ್ದೆಗೆ ಅರ್ಜಿ ಕರೆಯುತ್ತಾರಂತೆ ಅನ್ನುವ ಸುದ್ದಿ ಮೊಬೈಲಿಗೆ ಬಂದರೆ ಸಾಕು, ಮಾರನೆ ಬೆಳಿಗ್ಗೆಗೇ ನಮ್ಮ ಭಾರತೀನಗರದ ಮೈದಾನ ತುಂಬಿಹೋಗುತ್ತದೆ. ಚಿಕ್ಕರಸಿನಕೆರೆ, ಅಣ್ಣೂರು, ಮಣಿಗೆರೆ, ಆಚೆ ಮಳವಳ್ಳಿ ರಸ್ತೆಯ ಹಳ್ಳಿಗಳಿಂದ ಗಂಡುಹುಡುಗರೂ ಹೆಣ್ಣುಮಕ್ಕಳೂ ಕತ್ತಲು ಹರಿಯುವ ಮೊದಲೇ ಬೈಕು ಹತ್ತಿ ಬರುತ್ತೀರಿ. ನೋಡಲು ಸಂತೋಷವಾಗುತ್ತದೆ. ಆದರೆ ನಾಲ್ಕು ವಾರ ಕಳೆಯುವಷ್ಟರಲ್ಲಿ ನಿಮ್ಮಲ್ಲಿ ಎಷ್ಟೋ ಜನ ಕಟ್ಟೆ ಮೇಲೆ ಕೂತು ಕಣಕಾಲು ಒತ್ತಿಕೊಳ್ಳುತ್ತಿರುತ್ತೀರಿ. ಕ್ರೇಪ್ ಬ್ಯಾಂಡೇಜು, ನೋವಿನ ಸ್ಪ್ರೇ, ಮೆಡಿಕಲ್ ಸ್ಟೋರಿನ ಮಾತ್ರೆ. ಫಿಸಿಕಲ್ ಪರೀಕ್ಷೆಯ ದಿನ ಕುಂಟುತ್ತಾ ಹೋಗಿ ಕುಂಟುತ್ತಾ ವಾಪಸ್ ಬರುತ್ತೀರಿ. ಮಕ್ಕಳಿಗೆ ಆಟ ಹೇಳಿಕೊಡುವುದರಲ್ಲೇ ಆಯಸ್ಸು ಸವೆಸಿದ ನನಗೆ ಇದನ್ನು ನೋಡಿಕೊಂಡು ಸುಮ್ಮನಿರಲು ಆಗುತ್ತಿಲ್ಲ. ಅದಕ್ಕೇ ಈ ಮಾತು.

ನಿಮಗೆ ಛಲ ಕಡಿಮೆ ಇಲ್ಲ. ಗೊತ್ತಿಲ್ಲದಿರುವುದು ಮೈಯ ಲೆಕ್ಕಾಚಾರ. ವ್ಯಾಯಾಮ ಶುರು ಮಾಡಿದ ಮೇಲೆ ಮೈಯ ಎಲ್ಲ ಭಾಗಗಳೂ ಒಟ್ಟಿಗೆ ಬಲಗೊಳ್ಳುವುದಿಲ್ಲ. ರಕ್ತ ಒಂದೆರಡು ವಾರದಲ್ಲಿ ಬದಲಾಗುತ್ತದೆ. ನರಗಳು ತಿಂಗಳೊಳಗೆ ಕಲಿಯುತ್ತವೆ. ಸ್ನಾಯುವಿಗೆ ಎರಡು ತಿಂಗಳು ಬೇಕು. ಮೂಳೆಗೆ, ಸ್ನಾಯುವನ್ನು ಮೂಳೆಗೆ ಬಿಗಿದಿರುವ ಸ್ನಾಯುರಜ್ಜುವಿಗೆ ಅದಕ್ಕಿಂತಲೂ ಹೆಚ್ಚು, ನಾಲ್ಕಾರು ತಿಂಗಳು. ಉಸಿರು ಸಲೀಸಾಯಿತು, ಇನ್ನೇನು ಅಂತ ನೀವು ವೇಗ ಏರಿಸುವ ಹೊತ್ತಿಗೆ ಮೂಳೆ ಇನ್ನೂ ತಯಾರಾಗಿರುವುದಿಲ್ಲ. ಕಟ್ಟೆ ಮೇಲೆ ಕೂರಿಸುವುದು ಈ ಅಂತರವೇ ಕಣ್ರಪ್ಪ.

ಮೊದಲು ಓಡುವಾಗ ಒಳಗೆ ಏನಾಗುತ್ತದೆ ಅನ್ನುವುದನ್ನು ನೋಡೋಣ. ಫಿಸಿಕಲ್‌ನಲ್ಲಿ ಗಂಡುಮಕ್ಕಳಿಗೆ 1600 ಮೀಟರ್ ಓಟ, 6 ನಿಮಿಷ 30 ಸೆಕೆಂಡ್. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಅಂದರೆ ಸುತ್ತಿಗೆ 97 ಸೆಕೆಂಡಿನ ಆಸುಪಾಸು. ನೀವು ಮಾಡುವುದೇನು? ಸೀಟಿ ಊದಿದ ತಕ್ಷಣ ಪಕ್ಕದವನನ್ನು ಹಿಂದೆ ಹಾಕಬೇಕು ಅಂತ ಮೊದಲ ಸುತ್ತನ್ನು 75 ಸೆಕೆಂಡಿಗೆ ಮುಗಿಸುತ್ತೀರಿ. ಮೂರನೇ ಸುತ್ತಿಗೆ ತೊಡೆ ಕಲ್ಲಾಗುತ್ತದೆ. ನಾಲ್ಕನೆಯದಕ್ಕೆ ಕಾಲು ಎತ್ತಿಡಲು ಆಗುವುದಿಲ್ಲ.

ಇದಕ್ಕೆ ಕಾರಣ ಇದೆ. ಸ್ನಾಯು ಕೆಲಸ ಮಾಡಲು ಎಟಿಪಿ ಅನ್ನುವ ರಾಸಾಯನಿಕ ಬೇಕು. ಅದು ಸ್ನಾಯುವಿನಲ್ಲಿ ತಯಾರಾಗಿ ಇರುವುದು ಕೆಲವೇ ಸೆಕೆಂಡಿಗೆ ಆಗುವಷ್ಟು. ಅದನ್ನು ಕೂಡಲೇ ತುಂಬಿಕೊಡುವ ಇನ್ನೊಂದು ದಾಸ್ತಾನು ಹತ್ತು ಸೆಕೆಂಡ್ ಆಸುಪಾಸಿನಲ್ಲಿ ಮುಗಿಯುತ್ತದೆ. ಆಮೇಲೆ ಸ್ನಾಯು ತನ್ನಲ್ಲಿರುವ ಸಕ್ಕರೆಯ ದಾಸ್ತಾನನ್ನು ಆಮ್ಲಜನಕದ ಹಂಗಿಲ್ಲದೆ ಗಡಿಬಿಡಿಯಲ್ಲಿ ಒಡೆಯುತ್ತದೆ. ಅದರಿಂದ ಶಕ್ತಿ ಬೇಗ ಸಿಗುತ್ತದೆ, ಆದರೆ ಸ್ನಾಯುವಿನ ಒಳಗೆ ಆಮ್ಲದ ಅಂಶ ಏರಿ ಉರಿ ಹತ್ತುತ್ತದೆ. ಉಸಿರಿನ ಆಮ್ಲಜನಕ ಬಳಸಿ ನಿಧಾನವಾಗಿ, ಬಹಳ ಹೊತ್ತು ಶಕ್ತಿ ಕೊಡುವ ದಾರಿ ಪೂರ್ತಿ ತೆರೆದುಕೊಳ್ಳಲು ಒಂದೆರಡು ನಿಮಿಷ ಹಿಡಿಯುತ್ತದೆ. ಆರೂವರೆ ನಿಮಿಷದ ಓಟದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಶಕ್ತಿ ಬರಬೇಕಾದ್ದು ಈ ದಾರಿಯಿಂದಲೇ. ಅದು ತೆರೆಯುವ ಮೊದಲೇ ಮುನ್ನುಗ್ಗಿದವನು ಆಮ್ಲಜನಕವಿಲ್ಲದ ದಾರಿಯ ಶಕ್ತಿಯಲ್ಲಿ ಹೆಚ್ಚು ಪಾಲನ್ನು ಮೊದಲ ಸುತ್ತಿಗೇ ಸುಟ್ಟುಕೊಂಡಿರುತ್ತಾನೆ. ಅದಕ್ಕೇ ಹತ್ತು ನಿಮಿಷ ವಾರ್ಮಪ್ ಮಾಡಿ, ಮೈ ಬೆಚ್ಚಗಾದ ಮೇಲೆ ಸಾಲಿನಲ್ಲಿ ನಿಲ್ಲಿ ಅನ್ನುವುದು. ಮೊದಲ ಸುತ್ತು 95ರಿಂದ 97 ಸೆಕೆಂಡ್ ಇರಲಿ. ಪಕ್ಕದವನು ಮುಂದೆ ಹೋದರೆ ಹೋಗಲಿ ಬಿಡಿ, ಮೂರನೇ ಸುತ್ತಿನಲ್ಲಿ ಸಿಗುತ್ತಾನೆ.

ಹೃದಯದ ಕೆಲಸವನ್ನೂ ತಿಳಿದುಕೊಳ್ಳಿ. ಸುಮ್ಮನೆ ಕೂತಾಗ ಅದು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಜೋರಾಗಿ ಓಡುವಾಗ ಅದೇ ಹೃದಯ 20 ಲೀಟರ್ ತಳ್ಳಬಲ್ಲದು. ಚೆನ್ನಾಗಿ ಪಳಗಿದ ಓಟಗಾರರಲ್ಲಿ ಇದು 30 ಲೀಟರ್ ಮೀರುತ್ತದೆ. ಕೂತಾಗ ಆ ರಕ್ತದಲ್ಲಿ ಐದನೇ ಒಂದು ಪಾಲು ಸ್ನಾಯುಗಳಿಗೆ ಹೋಗುತ್ತದೆ, ಓಡುವಾಗ ಐದರಲ್ಲಿ ನಾಲ್ಕು ಪಾಲು ಅವುಗಳಿಗೇ. ಹೊಟ್ಟೆಗೆ, ಕರುಳಿಗೆ ಹರಿಯುವುದನ್ನು ಮೈ ಆ ಹೊತ್ತಿಗೆ ಮೊಟಕು ಮಾಡಿಬಿಡುತ್ತದೆ. ಹೊಟ್ಟೆ ತುಂಬ ಇಡ್ಲಿ ತಿಂದು ಓಡಿದವನು ವಾಂತಿ ಮಾಡಿಕೊಳ್ಳುವುದು ಇದಕ್ಕೇ. ಒಂದು ಬಾಳೆಹಣ್ಣು, ಇಲ್ಲದಿದ್ದರೆ ಒಂದು ಅಚ್ಚು ಬೆಲ್ಲ ಬಾಯಿಗೆ ಹಾಕಿಕೊಂಡು ಬನ್ನಿ. ಆಲೆಮನೆ ಊರಿನವರಿಗೆ ಬೆಲ್ಲಕ್ಕೇನು ಬರ?

ಇನ್ನು ವಾರಗಳ ಲೆಕ್ಕ. ಓಟ ಶುರು ಮಾಡಿದ ಒಂದೆರಡು ವಾರದಲ್ಲೇ ರಕ್ತದ ನೀರಿನ ಅಂಶ ಹೆಚ್ಚುತ್ತದೆ. ರಕ್ತ ಹೆಚ್ಚಿದರೆ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ತಳ್ಳುತ್ತದೆ. ಬಿಸಿಲು ತಡೆಯುವ ಶಕ್ತಿಯೂ ಸರಿಸುಮಾರು ಹತ್ತು ಹದಿನಾಲ್ಕು ದಿನಕ್ಕೆ ಬರುತ್ತದೆ: ಬೆವರು ಬೇಗ ಶುರುವಾಗುತ್ತದೆ, ಬೆವರಿನ ಜೊತೆ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಎರಡನೇ ವಾರಕ್ಕೇ 'ಸ್ಟಾಮಿನಾ ಬಂತು ಸಾರ್' ಅಂತ ಹುಡುಗರು ಹಿಗ್ಗುತ್ತಾರಲ್ಲ, ಅದು ಸುಳ್ಳಲ್ಲ. ನಿಜವಾಗಿಯೂ ಬಂದಿರುತ್ತದೆ. ಆದರೆ ಬಂದಿರುವುದು ರಕ್ತಕ್ಕೆ.

ಬಸ್ಕಿ, ದಂಡ, ಗುಂಡು ಎಸೆತದ ಬಲವೂ ಹೀಗೆಯೇ. ಮೊದಲ ಮೂರು ನಾಲ್ಕು ವಾರ ತೋಳು ತೊಡೆ ದಪ್ಪವಾಗುವುದಿಲ್ಲ, ಬಲ ಮಾತ್ರ ಏರುತ್ತಾ ಹೋಗುತ್ತದೆ. ಮಿದುಳಿನಿಂದ ಬರುವ ನರಗಳು ಇದುವರೆಗೆ ಸುಮ್ಮನಿದ್ದ ಸ್ನಾಯುವಿನ ಎಳೆಗಳನ್ನೂ ಒಟ್ಟಿಗೆ ಕೆಲಸಕ್ಕೆ ಹಚ್ಚುವುದನ್ನು ಕಲಿಯುತ್ತವೆ. ಸ್ನಾಯು ಕಣ್ಣಿಗೆ ಕಾಣುವ ಹಾಗೆ ಬೆಳೆಯುವುದು ಆರು ಎಂಟು ವಾರದ ಮೇಲೆ. ಕನ್ನಡಿ ನೋಡಿಕೊಂಡು ಬೇಸರ ಪಡಬೇಡಿ, ಪೌಡರ್ ಡಬ್ಬಿ ತರಲು ಮನೆಯಲ್ಲಿ ದುಡ್ಡು ಕೇಳಬೇಡಿ.

ಸ್ನಾಯುವಿನ ಒಳಗೆ ಆಗುವ ಇನ್ನೊಂದು ಬದಲಾವಣೆ ಬಹಳ ದೊಡ್ಡದು. ಜೀವಕೋಶದಲ್ಲಿ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜಾನ್ ಹೊಲೊಸಿ ಅನ್ನುವ ವಿಜ್ಞಾನಿ ಇಲಿಗಳನ್ನು ವಾರಗಟ್ಟಲೆ ಓಡಿಸಿ, ಅವುಗಳ ಕಾಲಿನ ಸ್ನಾಯುವಿನಲ್ಲಿ ಈ ಸಾಮರ್ಥ್ಯ ಎರಡರಷ್ಟಾಗಿದ್ದನ್ನು 1967ರಲ್ಲಿ ತೋರಿಸಿದರು. ಸ್ನಾಯುವಿನ ಸುತ್ತ ಕೂದಲಿಗಿಂತ ಸಣ್ಣ ರಕ್ತನಾಳಗಳೂ ಹೊಸದಾಗಿ ಹುಟ್ಟುತ್ತವೆ. ಇವೆಲ್ಲ ಆಗುವುದು ದಿನಾ ಪ್ರಾಣ ಬಿಟ್ಟು ಓಡಿದಾಗಲೇ ಅಂತ ತಿಳಿಯಬೇಡಿ. ಪಕ್ಕದವನ ಜೊತೆ ಮಾತಾಡಿಕೊಂಡು ಓಡುವಷ್ಟು ನಿಧಾನದಲ್ಲಿ, ಅರ್ಧ ಮುಕ್ಕಾಲು ಗಂಟೆ ಓಡಿದರೂ ಆಗುತ್ತವೆ. ವಾರದ ಓಟದಲ್ಲಿ ಹೆಚ್ಚು ಪಾಲು ಇಂಥ ಮಾತಾಡಿಕೊಂಡು ಓಡುವ ಓಟವೇ ಇರಬೇಕು.

ಒಂದು ಅಭ್ಯಾಸ ಮಾಡಿಕೊಳ್ಳಿ. ಬೆಳಿಗ್ಗೆ ಎಚ್ಚರವಾದಾಗ, ಹಾಸಿಗೆಯಿಂದ ಏಳುವ ಮೊದಲು, ಹೆಬ್ಬೆರಳ ಕೆಳಗೆ ಮಣಿಕಟ್ಟಿನ ಹತ್ತಿರ ತೋರುಬೆರಳು, ನಡುಬೆರಳು ಇಟ್ಟು ನಾಡಿ ಹಿಡಿಯಿರಿ. ಹೆಬ್ಬೆರಳಿನಿಂದ ಹಿಡಿಯಬೇಡಿ, ಅದಕ್ಕೇ ಅದರದೊಂದು ಬಡಿತ ಇರುತ್ತದೆ. ಮೊಬೈಲಿನಲ್ಲಿ 30 ಸೆಕೆಂಡ್ ನೋಡಿ ಎಣಿಸಿ, ಎರಡರಿಂದ ಗುಣಿಸಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಶುರುವಿನಲ್ಲಿ 70-75 ಇದ್ದದ್ದು ತಿಂಗಳು ಕಳೆದಂತೆ ಇಳಿಯುತ್ತಾ ಬರುತ್ತದೆ. ಹೃದಯದ ಎಡಗೋಣೆ ಹಿಗ್ಗಿ ಬಲವಾಗಿ, ಅದೇ 5 ಲೀಟರನ್ನು ಕಡಿಮೆ ಬಡಿತದಲ್ಲಿ ತಳ್ಳಲು ಕಲಿತಿದೆ ಅಂತ ಅರ್ಥ. ಎರಡು ಮೂರು ದಿನ ಒಂದೇ ಸಮನೆ ನಾಡಿ ಮಾಮೂಲಿಗಿಂತ ಎಂಟು ಹತ್ತು ಹೆಚ್ಚಿದ್ದರೆ ಮೈ ದಣಿದಿದೆ, ಇಲ್ಲವೇ ಜ್ವರ ಒಳಗಿದೆ. ಅವತ್ತು ಓಡಬೇಡಿ. ಸಾವಿರಾರು ರೂಪಾಯಿಯ ವಾಚು ಇದಕ್ಕೆ ಬೇಡ.

ಈಗ ಮೂಳೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಗಮನ ಕೊಟ್ಟು ಓದಿ.

ಮೂಳೆ ಸತ್ತ ವಸ್ತುವಲ್ಲ. ಅದರಲ್ಲಿ ಎರಡು ಬಗೆಯ ಜೀವಕೋಶಗಳು ಯಾವಾಗಲೂ ಕೆಲಸದಲ್ಲಿರುತ್ತವೆ. ಒಂದು ಬಗೆಯವು ಹಳೆಯ ಮೂಳೆಯನ್ನು ಕರಗಿಸಿ ತೆಗೆಯುತ್ತವೆ, ಇನ್ನೊಂದು ಬಗೆಯವು ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತವೆ. ಇದುವರೆಗೆ ಓಡದಿದ್ದವನು ದಿನಾ ಓಡಲು ಶುರು ಮಾಡಿದರೆ, ಹೊಸ ಭಾರಕ್ಕೆ ತಕ್ಕ ಹಾಗೆ ಮೂಳೆಯನ್ನು ಮತ್ತೆ ಕಟ್ಟಬೇಕು ಅಂತ ಮೈ ತೀರ್ಮಾನಿಸುತ್ತದೆ. ಆದರೆ ಮೊದಲು ಆಗುವುದು ಕರಗಿಸುವ ಕೆಲಸ. ಅದು ಎರಡು ಮೂರು ವಾರದಲ್ಲಿ ಮುಗಿಯುತ್ತದೆ. ಕಟ್ಟುವ ಕೆಲಸಕ್ಕೆ ಮೂರು ನಾಲ್ಕು ತಿಂಗಳು ಬೇಕು. ಹಳೆ ಗೋಡೆ ಕೆಡವಿ ಹೊಸ ಗೋಡೆ ಏಳುವವರೆಗಿನ ಮನೆ ಹೇಗಿರುತ್ತದೋ, ಮೂರನೇ ವಾರದಿಂದ ಆಚೆಗೆ ನಿಮ್ಮ ಕಣಕಾಲಿನ ಮೂಳೆ ಹಾಗಿರುತ್ತದೆ. ಉಸಿರು ಹಿಡಿತಕ್ಕೆ ಬಂದು ನೀವು ಹುಮ್ಮಸ್ಸಿನಿಂದ ಸುತ್ತು ಹೆಚ್ಚಿಸುವುದೂ ಸರಿಯಾಗಿ ಅದೇ ವಾರಗಳಲ್ಲಿ. ಓಡುವಾಗ ಒಂದೊಂದು ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. 1600 ಮೀಟರಿಗೆ ಸಾವಿರಕ್ಕೂ ಹೆಚ್ಚು ಹೆಜ್ಜೆ. ಮೂಳೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಹುಟ್ಟುತ್ತವೆ. ರಿಪೇರಿಗೆ ಬಿಡುವು ಕೊಡದಿದ್ದರೆ ಅವು ಒಂದಕ್ಕೊಂದು ಕೂಡಿ ನಿಜವಾದ ಬಿರುಕಾಗುತ್ತವೆ.

ಈ ತೊಂದರೆ ಹೊಸತಲ್ಲ. 1855ರಲ್ಲೇ ಪ್ರಷ್ಯಾ ದೇಶದ ಸೈನ್ಯದ ವೈದ್ಯ ಬ್ರೈಟ್‌ಹಾಪ್ಟ್ ಅನ್ನುವವರು, ದೂರ ದೂರ ಮಾರ್ಚ್ ಮಾಡಿದ ಸಿಪಾಯಿಗಳ ಪಾದ ಊದಿಕೊಂಡು ನೋಯುವುದನ್ನು ಬರೆದಿಟ್ಟರು. ಆಗ ಎಕ್ಸ್‌ರೇ ಇರಲಿಲ್ಲ. ಎಕ್ಸ್‌ರೇ ಬಂದ ಮೇಲೆ ಅದು ಮೂಳೆಯ ಬಿರುಕು ಅಂತ ಗೊತ್ತಾಯಿತು. ಇವತ್ತಿಗೂ ಹಲವು ದೇಶಗಳ ಸೈನ್ಯದಲ್ಲಿ ಹೊಸದಾಗಿ ಸೇರಿದವರನ್ನು ಮೊದಲ ತಿಂಗಳುಗಳಲ್ಲಿ ಕಾಡುವುದು ಇದೇ.

ನಮ್ಮ ಮೈಸೂರು ಸೀಮೆಯ ಗರಡಿಗಳಲ್ಲಿ ಈ ವಿಜ್ಞಾನ ಯಾರಿಗೂ ಗೊತ್ತಿರಲಿಲ್ಲ. ಆದರೂ ಹೊಸಬನನ್ನು ಉಸ್ತಾದರು ಬಂದ ದಿನವೇ ಜೋಡಿಗೆ ಬಿಡುತ್ತಿರಲಿಲ್ಲ. ಮಟ್ಟಿ ಕೆದಕು, ಬಸ್ಕಿ ಹೊಡಿ, ದಂಡ ತೆಗೆ, ದೊಡ್ಡವರ ಸಾಮು ನೋಡಿಕೊಂಡಿರು ಅಂತ ತಿಂಗಳುಗಟ್ಟಲೆ ಕಾಯಿಸುತ್ತಿದ್ದರು. ಆ ಕಾಯಿಸುವಿಕೆಯಲ್ಲಿ ಹುಡುಗನ ಮೂಳೆ, ಕೀಲು ಗಟ್ಟಿಯಾಗುತ್ತಿದ್ದವು. ಯೂಟ್ಯೂಬಿನಲ್ಲಿ '30 ದಿನದಲ್ಲಿ 1600 ಮೀಟರ್' ಅಂತ ಹೇಳುವವರಿಗಿಂತ ಆ ಉಸ್ತಾದರು ದೊಡ್ಡ ಗುರುಗಳು.

ಕಾಲು ನೋಯುತ್ತಿದ್ದರೆ ಯಾವ ನೋವು ಅಂತ ನೀವೇ ಒಂದು ಮಟ್ಟಿಗೆ ಪತ್ತೆ ಮಾಡಬಹುದು. ಓಡಿದ ಮಾರನೆಯ ದಿನ ತೊಡೆ, ಮೀನಖಂಡ ಎಲ್ಲ ಕಡೆ ನೋಯುತ್ತದೆ, ಮೆಟ್ಟಿಲು ಇಳಿಯುವಾಗ ಜಾಸ್ತಿ. ಇದಕ್ಕೆ 'ಲ್ಯಾಕ್ಟಿಕ್ ಆಸಿಡ್ ಕೂತಿದೆ' ಅನ್ನುತ್ತಾರೆ, ಅದು ತಪ್ಪು. ಲ್ಯಾಕ್ಟಿಕ್ ಆಸಿಡ್ ಓಟ ನಿಲ್ಲಿಸಿದ ಒಂದು ಗಂಟೆಯ ಆಸುಪಾಸಿನಲ್ಲಿ ಖಾಲಿಯಾಗಿರುತ್ತದೆ, ಹೃದಯವೂ ಸ್ನಾಯುವೂ ಅದನ್ನೇ ಇಂಧನವಾಗಿ ಬಳಸಿಕೊಳ್ಳುತ್ತವೆ. ಮಾರನೆ ದಿನದ ನೋವು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪೆಟ್ಟಿನದು. ಎರಡು ಮೂರು ದಿನದಲ್ಲಿ ಹೋಗುತ್ತದೆ, ಮುಂದಿನ ಸಲ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಹೆದರಬೇಕಾಗಿಲ್ಲ.

ಕಣಕಾಲಿನ ಒಳಮಗ್ಗುಲಲ್ಲಿ, ಮೂಳೆಯ ಅಂಚಿನುದ್ದಕ್ಕೂ ಒಂದು ಗೇಣು ಜಾಗದಲ್ಲಿ ನೋವಿದ್ದು, ಓಟದ ಶುರುವಿನಲ್ಲಿ ಹೆಚ್ಚಾಗಿ, ಮೈ ಬೆಚ್ಚಗಾದ ಮೇಲೆ ಕಡಿಮೆಯಾದರೆ ಅದು ಎಚ್ಚರಿಕೆ. ಓಟವನ್ನು ಅರ್ಧಕ್ಕೆ ಇಳಿಸಿ, ಟಾರು ರಸ್ತೆ ಬಿಡಿ.

ಇನ್ನೊಂದು ನೋವಿದೆ. ಹೆಬ್ಬೆರಳಿನಿಂದ ಮೂಳೆಯ ಮೇಲೆ ಮೇಲಿನಿಂದ ಕೆಳಕ್ಕೆ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಬನ್ನಿ. ಬೇರೆಲ್ಲೂ ನೋಯದೆ, ರೂಪಾಯಿ ನಾಣ್ಯದಷ್ಟು ಅಗಲದ ಒಂದೇ ಜಾಗದಲ್ಲಿ ಬೆರಳು ಇಟ್ಟ ಕೂಡಲೇ 'ಅಮ್ಮಾ' ಅಂತ ಕಾಲು ಎಳೆದುಕೊಳ್ಳುವ ಹಾಗಾದರೆ, ಓಡಿದಷ್ಟೂ ನೋವು ಏರುತ್ತಿದ್ದರೆ, ರಾತ್ರಿ ಮಲಗಿದಾಗಲೂ ಮಿಡಿಯುತ್ತಿದ್ದರೆ, ಒಂಟಿ ಕಾಲಿನಲ್ಲಿ ಕುಪ್ಪಳಿಸಲು ಆಗದಿದ್ದರೆ, ಅದು ಮೂಳೆ ಬಿರುಕಿನ ಲಕ್ಷಣ. ಆ ಕ್ಷಣದಿಂದ ಓಟ ನಿಲ್ಲಬೇಕು. ಎಕ್ಸ್‌ರೇ ತೆಗೆಸಿದಿರಿ, ಏನೂ ಇಲ್ಲ ಅಂದರು ಅಂತ ಮತ್ತೆ ಓಡಲು ಹೋಗಬೇಡಿ. ಮೊದಲ ಎರಡು ಮೂರು ವಾರ ಈ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ನೋವಿನ ಮಾತ್ರೆ ನುಂಗಿ ಓಡುವುದಂತೂ ಬೇಡವೇ ಬೇಡ. ಮೈ ಕೊಡುತ್ತಿರುವ ಎಚ್ಚರಿಕೆಯನ್ನು ಮಾತ್ರೆ ಮುಚ್ಚಿಹಾಕುತ್ತದೆ, ಬಿರುಕು ದೊಡ್ಡದಾಗುತ್ತದೆ. ಬೆವರು ಸುರಿದು ಮೈಯಲ್ಲಿ ನೀರು ಕಡಿಮೆಯಾದ ಹೊತ್ತಿನಲ್ಲಿ ಆ ಮಾತ್ರೆಗಳು ಮೂತ್ರಪಿಂಡಕ್ಕೂ ಒಳ್ಳೆಯದಲ್ಲ.

ಹಾಗಾದರೆ ಹೇಗೆ ಮಾಡಬೇಕು ಅಂತ ಕೇಳುತ್ತೀರಿ. ಅರ್ಜಿ ಕರೆಯುವವರೆಗೆ ಕಾಯಬೇಡಿ. ಡಿಗ್ರಿ ಎರಡನೇ ವರ್ಷದಲ್ಲಿರುವಾಗಲೇ ವಾರಕ್ಕೆ ಮೂರು ನಾಲ್ಕು ದಿನ ಓಡುವ ರೂಢಿ ಇಟ್ಟುಕೊಳ್ಳಿ. ಮೊದಲ ತಿಂಗಳು ಬಿರುಸು ನಡಿಗೆ, ನಡುನಡುವೆ ಒಂದೆರಡು ನಿಮಿಷ ಓಟ. ಎರಡನೇ ತಿಂಗಳು ನಿಲ್ಲದೆ ನಿಧಾನದ ಓಟ. ಮೂರನೆಯ ತಿಂಗಳಿನಿಂದ ವಾರಕ್ಕೆ ಒಂದು ದಿನ ಮಾತ್ರ ಜೋರು ಓಟ: 400 ಮೀಟರ್ ಓಡಿ, ಎರಡು ಮೂರು ನಿಮಿಷ ನಡೆದು, ಮತ್ತೆ 400. ಒಂದು ದಿನ ಓಡಿದರೆ ಒಂದು ದಿನ ಬಿಡುವು, ಇಲ್ಲವೇ ಅವತ್ತು ಬಸ್ಕಿ, ದಂಡ, ಮೆಟ್ಟಿಲಂಚಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡ ಒಂದು ಸಂಗತಿ ಉಪಯೋಗಕ್ಕೆ ಬರುತ್ತದೆ. ಒಂದಷ್ಟು ಪೆಟ್ಟು ಬಿದ್ದ ಮೇಲೆ ಮೂಳೆಯ ಜೀವಕೋಶಗಳು ಸ್ಪಂದಿಸುವುದನ್ನು ನಿಲ್ಲಿಸುತ್ತವೆ, ಕೆಲವು ಗಂಟೆ ಬಿಟ್ಟ ಮೇಲೆ ಮತ್ತೆ ಸ್ಪಂದಿಸುತ್ತವೆ. ಅಂದರೆ ಒಂದೇ ಸಲ ಎರಡು ಗಂಟೆ ಮೈ ದಂಡಿಸಿದರೆ ಮೂಳೆಗೆ ಎರಡರಷ್ಟು ಲಾಭವಿಲ್ಲ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಹಗ್ಗ ಜಿಗಿದರೆ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಗದ್ದೆ ಕೆಲಸ ಮಾಡುವ ಹುಡುಗರು ನನ್ನ ಹತ್ತಿರ ಬಂದು, 'ದಿನಾ ಕಬ್ಬಿನ ಹೊರೆ ಹೊತ್ತು ಟ್ರ್ಯಾಕ್ಟರಿಗೆ ಲೋಡ್ ಮಾಡುತ್ತೇನೆ, ಆದರೂ ಎರಡು ಸುತ್ತಿಗೆ ಏದುಸಿರು ಬರುತ್ತದಲ್ಲ' ಅನ್ನುತ್ತಾರೆ. ಮೈ ಏನು ಕೇಳಿದೆವೋ ಅದನ್ನು ಕಲಿಯುತ್ತದೆ ಕಣಪ್ಪ. ಹೊರೆ ಕೇಳಿದ್ದೀಯ, ಬೆನ್ನು ತೊಡೆ ಗಟ್ಟಿಯಾಗಿವೆ. ಗುಂಡು ಎಸೆತದಲ್ಲಿ ನೀನು ಎಲ್ಲರಿಗಿಂತ ಮುಂದಿರುತ್ತೀಯ. ಓಟವನ್ನು ಬೇರೆಯಾಗಿಯೇ ಕೇಳಬೇಕು. ಕಬ್ಬು ಕಡಿದ ದಿನ ಸಂಜೆ ಜೋರು ಓಟ ಇಟ್ಟುಕೊಳ್ಳಬೇಡ, ಆ ಕೆಲಸವೂ ವ್ಯಾಯಾಮವೇ.

ಓಡುವ ಜಾಗದ ಬಗ್ಗೆಯೂ ಒಂದು ಮಾತು. ಕಬ್ಬು ಅರೆಯುವ ತಿಂಗಳುಗಳಲ್ಲಿ ಮದ್ದೂರು–ಮಳವಳ್ಳಿ ರಸ್ತೆಯಲ್ಲಿ ಹಿಂದೆ ದೀಪವಿಲ್ಲದ ಟ್ರೇಲರುಗಳು ಸಾಲಾಗಿ ನಿಂತಿರುತ್ತವೆ. ಕತ್ತಲಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆ ರಸ್ತೆಯಲ್ಲಿ ಓಡಬೇಡಿ. ಮೈದಾನದ ಮಣ್ಣು, ಬೆಳಕು ಹರಿದ ಮೇಲೆ ನಾಲೆ ಏರಿಯ ಮಣ್ಣಿನ ದಾರಿ, ಇವು ಮೂಳೆಗೂ ಒಳ್ಳೆಯದು, ಪ್ರಾಣಕ್ಕೂ ಒಳ್ಳೆಯದು.

ಊಟದ ವಿಷಯದಲ್ಲಿ ನಾವು ಭಾಗ್ಯವಂತರು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದು ಲೆಕ್ಕಕ್ಕೇ ಇಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 1000 ಮಿಲಿಗ್ರಾಂ. ಮುದ್ದೆ ಉಂಡರೆ ಹಳ್ಳಿಗಮಾರ ಅಂತಾರೆ ಎಂದು ಪಿ.ಜಿ.ಯಲ್ಲಿದ್ದು ಬರೀ ಅನ್ನ, ಗೋಬಿ ತಿನ್ನುವ ಮಕ್ಕಳಿಗೆ ಈ ಮಾತು. ಹುರುಳಿಕಾಳು ಉಪ್ಸಾರು, ಅವರೆಕಾಳು, ಮೊಟ್ಟೆ, ಕಡಲೆಕಾಯಿ ಇವುಗಳಲ್ಲಿ ಸ್ನಾಯು ಕಟ್ಟಲು ಬೇಕಾದ ಪ್ರೋಟೀನ್ ಇದೆ. ಅಪ್ಪ ಅಮ್ಮಂದಿರಿಗೂ ಒಂದು ವಿನಂತಿ: ಕರೆದ ಹಾಲನ್ನೆಲ್ಲ ಡೈರಿಗೆ ಹಾಕಿಬಿಡಬೇಡಿ, ಓಡುವ ಮಗನಿಗೆ ಮಗಳಿಗೆ ಎರಡು ಲೋಟ ಉಳಿಸಿ. ಬೇಸಿಗೆಯಲ್ಲಿ ಉಪ್ಪು ಹಾಕಿದ ಮಜ್ಜಿಗೆ ಕುಡಿಸಿ. ಮದ್ದೂರು ಮಾರುಕಟ್ಟೆಯಿಂದ ದೇಶದ ಊರೂರಿಗೆ ಲಾರಿಗಟ್ಟಲೆ ಎಳನೀರು ಹೋಗುತ್ತದೆ, ಅದರಲ್ಲಿ ಒಂದು ನಮ್ಮ ಮಕ್ಕಳ ಪಾಲಿಗೂ ಇರಲಿ.

ಹೆಣ್ಣುಮಕ್ಕಳೇ, ನಿಮಗೆ ಬೇರೆಯಾಗಿ ಹೇಳಬೇಕಾದ್ದಿದೆ, ಸಂಕೋಚ ಮಾಡದೆ ಕೇಳಿ. ನಮ್ಮ ರಾಜ್ಯದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಹೆಣ್ಣುಮಕ್ಕಳಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಆಮ್ಲಜನಕ ಹೊರುವವರೇ ಇಲ್ಲ, ಎಷ್ಟು ಪ್ರಾಕ್ಟೀಸ್ ಮಾಡಿದರೂ ಫಿಸಿಕಲ್‌ನಲ್ಲಿ ನಿಮಗೆ ಇಟ್ಟಿರುವ 400 ಮೀಟರ್ ಓಟ 2 ನಿಮಿಷಕ್ಕೆ ಇಳಿಯುವುದಿಲ್ಲ. ತಪ್ಪು ನಿಮ್ಮ ಛಲದ್ದಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣದ ಮಾತ್ರೆ ಕೊಟ್ಟರೆ ಬಿಡದೆ ನುಂಗಿ. ನುಗ್ಗೆಸೊಪ್ಪು, ದಂಟಿನಸೊಪ್ಪು, ಬಸ್ಸಾರು ಉಣ್ಣಿ, ಊಟವಾದ ಕೂಡಲೇ ಟೀ ಕಾಫಿ ಕುಡಿಯಬೇಡಿ. ಕೆಂಪು ರಕ್ತಕಣದ ಆಯಸ್ಸು 120 ದಿನ, ರಕ್ತ ತುಂಬಿಕೊಳ್ಳಲು ತಿಂಗಳುಗಳೇ ಬೇಕು. ತೂಕ ಇಳಿಸಬೇಕು ಅಂತ ಊಟ ಬಿಟ್ಟು ಓಡಿದರೆ ಕೆಲವರಿಗೆ ಮುಟ್ಟು ತಪ್ಪುತ್ತದೆ, ನಿಂತೇ ಹೋಗುತ್ತದೆ. 'ಒಳ್ಳೆಯದೇ ಆಯಿತು, ರಗಳೆ ತಪ್ಪಿತು' ಅಂದುಕೊಳ್ಳಬೇಡಿ ತಾಯಿ. ಮೂಳೆ ಕಾಪಾಡುವ ಹಾರ್ಮೋನು ಆಗ ಕುಸಿದಿರುತ್ತದೆ, ಬಿರುಕು ಬಿಡುವ ಅಪಾಯ ಹೆಚ್ಚುತ್ತದೆ. ಊಟ ಹೆಚ್ಚಿಸಿ, ಡಾಕ್ಟರಿಗೆ ತೋರಿಸಿ.

ನಿದ್ದೆ ಕೆಡಬೇಡಿ. ರಾತ್ರಿ ಒಂದು ಗಂಟೆವರೆಗೆ ಮೊಬೈಲ್ ನೋಡಿ, ಐದಕ್ಕೆ ಎದ್ದು ಓಡಿದರೆ ಓಡಿದ್ದು ದಂಡ. ಓಡುವಾಗ ಸ್ನಾಯು, ಮೂಳೆ ಎರಡೂ ಸವೆಯುತ್ತವೆ. ಕಟ್ಟುವ ಕೆಲಸ ನಡೆಯುವುದು ಉಂಡು ಮಲಗಿದ ಮೇಲೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸುರಿಯುವುದು ಗಾಢ ನಿದ್ದೆಯ ಹೊತ್ತಿನಲ್ಲೇ.

ಬಿಡುವು ಕೊಡಿ ಅಂದೆ ಅಂತ ಪೂರ್ತಿ ಬಿಟ್ಟುಬಿಡಲೂ ಬಾರದು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐದು ಜನ ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಿಂದ ಏಳದ ಹಾಗೆ ಮಲಗಿಸಿದರು. ಅಷ್ಟಕ್ಕೇ ಮೈ ಆಮ್ಲಜನಕ ಬಳಸುವ ಸಾಮರ್ಥ್ಯ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಆಮೇಲೆ ಎಂಟು ವಾರ ಓಡಿಸಿದಾಗ ಅವರ ಸಾಮರ್ಥ್ಯ ಮೊದಲಿಗಿಂತಲೂ ಮೇಲೇರಿತು. ಮೂವತ್ತು ವರ್ಷ ಬಿಟ್ಟು, 1996ರಲ್ಲಿ, ಅದೇ ಐದು ಜನರನ್ನು ಹುಡುಕಿ ಮತ್ತೆ ಪರೀಕ್ಷೆ ಮಾಡಿದರು. ಮೂವತ್ತು ವರ್ಷದ ಮುಪ್ಪು ಮಾಡಿದ್ದಕ್ಕಿಂತ ಹೆಚ್ಚಿನ ಹಾನಿಯನ್ನು ಅಂದಿನ ಮೂರು ವಾರದ ಹಾಸಿಗೆ ಮಾಡಿತ್ತು! ಐವತ್ತು ವರ್ಷದ ಆ ಗಂಡಸರು ಆರು ತಿಂಗಳು ನಿಧಾನಕ್ಕೆ ಅಭ್ಯಾಸ ಮಾಡಿ, 20ರ ಪ್ರಾಯದಲ್ಲಿ ಎಲ್ಲಿದ್ದರೋ ಅಲ್ಲಿಗೆ ಮರಳಿದರು. ಪರೀಕ್ಷೆ ಮುಗಿಯಿತು, ಕೆಲಸ ಸಿಕ್ಕಿತು ಅಂತ ಓಟ ಬಿಟ್ಟವರು ಇದನ್ನು ನೆನಪಿಡಬೇಕು. ಈ ವರ್ಷ ಆಯ್ಕೆಯಾಗದವರೂ ನೆನಪಿಡಬೇಕು: ಮುಂದಿನ ನೇಮಕಾತಿವರೆಗೆ ವಾರಕ್ಕೆ ಎರಡು ಮೂರು ದಿನ ಓಡುತ್ತಿದ್ದರೂ ಗಳಿಸಿದ್ದರಲ್ಲಿ ಹೆಚ್ಚು ಪಾಲು ಉಳಿಯುತ್ತದೆ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿಗೇ ಹೃದಯಾಘಾತದಿಂದ ನಮ್ಮನ್ನು ಬಿಟ್ಟುಹೋದ ಮೇಲೆ ಊರೂರಲ್ಲಿ ಒಂದು ಭಯ ಹುಟ್ಟಿತು. ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು, ಎಷ್ಟೋ ತಾಯಂದಿರು ಮಕ್ಕಳನ್ನು ಜಿಮ್‌ಗೆ, ಮೈದಾನಕ್ಕೆ ಕಳಿಸಲು ಹೆದರಿದರು. ಆ ನೋವು ನನಗೂ ಇದೆ. ಆದರೆ ವ್ಯಾಯಾಮ ಹೃದಯಕ್ಕೆ ಶತ್ರು ಅನ್ನುವುದು ಸರಿಯಲ್ಲ. 1953ರಲ್ಲಿ ಜೆರ‍್ರಿ ಮಾರಿಸ್ ಅನ್ನುವ ವೈದ್ಯ ಲಂಡನ್ನಿನ ಡಬಲ್ ಡೆಕರ್ ಬಸ್ಸಿನವರ ಲೆಕ್ಕ ತೆಗೆದು ತೋರಿಸಿದರು: ದಿನವಿಡೀ ಕೂತಿರುವ ಡ್ರೈವರುಗಳಿಗಿಂತ, ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ. ಅಲ್ಲಿಂದ ಈಚೆಗೆ ಬಂದ ಅಧ್ಯಯನಗಳೂ ಇದನ್ನೇ ಹೇಳುತ್ತಿವೆ. ಅಪಾಯ ಇರುವುದು, ಒಳಗೆ ಗೊತ್ತಾಗದ ತೊಂದರೆ ಇದ್ದವರು, ವರ್ಷಗಟ್ಟಲೆ ಕೂತಿದ್ದವರು, ಇದ್ದಕ್ಕಿದ್ದ ಹಾಗೆ ಮೈಮೀರಿ ದಂಡಿಸಿಕೊಂಡಾಗ. ಓಡುವಾಗ ಎದೆ ಬಿಗಿ ಹಿಡಿದರೆ, ಕಣ್ಣು ಕತ್ತಲೆ ಬಂದು ಬಿದ್ದರೆ, ಮನೆಯಲ್ಲಿ ಯಾರಾದರೂ ಸಣ್ಣ ವಯಸ್ಸಿಗೇ ಹಠಾತ್ತನೆ ತೀರಿಕೊಂಡಿದ್ದರೆ, ಇಸಿಜಿ, ಎಕೋ ಮಾಡಿಸದೆ ಮೈದಾನಕ್ಕೆ ಇಳಿಯಬೇಡಿ. ಜ್ವರ ಇದ್ದ ದಿನ ಓಡಬೇಡಿ, ಫಿಸಿಕಲ್ ನಾಳೆಯೇ ಇದ್ದರೂ ಸರಿ.

ಫಿಸಿಕಲ್ ಹತ್ತಿರ ಬಂದಾಗ ಇಂಜೆಕ್ಷನ್ ಹಾಕಿಸಿಕೊಂಡರೆ ಓಡಬಹುದು ಅಂತ ಹೇಳಿಕೊಂಡು ತಿರುಗುವವರು ಇರುತ್ತಾರೆ. ಅವರ ಮಾತು ಕೇಳಿ ಕೆಟ್ಟವರುಂಟು, ಉದ್ಧಾರವಾದವರನ್ನು ನಾನು ಕಂಡಿಲ್ಲ. ಹತ್ತಿರ ಸೇರಿಸಬೇಡಿ. ಕೊನೆಯ ವಾರ ಓಟವನ್ನು ಅರ್ಧಕ್ಕೆ ಇಳಿಸಿ, ಚೆನ್ನಾಗಿ ಉಂಡು, ಚೆನ್ನಾಗಿ ಮಲಗಿ. ಆ ವಾರ ಹೆಚ್ಚು ಓಡಿದರೆ ಹೊಸ ಬಲವೇನೂ ಬರುವುದಿಲ್ಲ, ದಣಿವು ಮಾತ್ರ ಉಳಿಯುತ್ತದೆ.

ಇವತ್ತು ಸಂಜೆ ಪ್ರಾಕ್ಟೀಸ್ ಮುಗಿಸಿ ಮನೆಗೆ ಹೋದ ಮೇಲೆ ಎರಡೂ ಕಾಲಿನ ಮೂಳೆಯನ್ನು ನಾನು ಹೇಳಿದ ಹಾಗೆ ಹೆಬ್ಬೆರಳಿನಿಂದ ಒತ್ತಿ ನೋಡಿಕೊಳ್ಳಿ. ಒಂದೇ ಜಾಗದಲ್ಲಿ ಚುಚ್ಚಿದ ಹಾಗೆ ನೋವಿದ್ದರೆ ನಾಳೆ ಮೈದಾನಕ್ಕೆ ಬರಬೇಡಿ, ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಿ ತೋರಿಸಿ. ಆರರಿಂದ ಎಂಟು ವಾರ ವಿಶ್ರಾಂತಿ ಕೊಟ್ಟರೆ ಇಂಥ ಬಿರುಕುಗಳು ಬಹುಪಾಲು ಆಪರೇಷನ್ ಇಲ್ಲದೆ ಕೂಡಿಕೊಳ್ಳುತ್ತವೆ.